ಎರಡೂ ಕಲಿಸಿದ್ರೆ ತಪ್ಪೇನು? ಡೋವರ್ ಶಾಲೆಯ ಒಂದು ನಿಮಿಷದ ಪಾಠ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಡೋವರ್ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ಹೈಸ್ಕೂಲಿನ ವಿಜ್ಞಾನದ ಕೊಠಡಿಯಲ್ಲಿ 16 ಅಡಿ ಉದ್ದದ ಒಂದು ಚಿತ್ರ ಇತ್ತು. ವಾನರನಿಂದ ಮನುಷ್ಯನವರೆಗೆ ಸಾಲಾಗಿ ನಡೆದು ಬರುವ, ನಾವೆಲ್ಲ ನೋಡಿರುವಂಥದ್ದೇ ಚಿತ್ರ. ಓದು ಮುಗಿಸಿ ಹೊರಟ ವಿದ್ಯಾರ್ಥಿಯೊಬ್ಬರು 1998ರಲ್ಲಿ ಬಿಡಿಸಿ ಶಾಲೆಗೆ ಕೊಟ್ಟಿದ್ದರು. 2002ರ ಬೇಸಿಗೆ ರಜೆಯಲ್ಲಿ ಅದು ಕೊಠಡಿಯಿಂದ ಮಾಯವಾಯಿತು. ಕಳ್ಳತನ ಏನಲ್ಲ. ಶಾಲೆಯ ಕಟ್ಟಡ ನೋಡಿಕೊಳ್ಳುವವರೇ ಹೊರಗೆ ಒಯ್ದು ಸುಟ್ಟುಬಿಟ್ಟಿದ್ದರು.

ಮೂರು ವರ್ಷದ ನಂತರ ಈ ಊರಿನ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಶಾಲೆಯಲ್ಲಿ ಜೀವವಿಕಾಸದ ಜೊತೆಗೆ ‘ಇಂಟೆಲಿಜೆಂಟ್ ಡಿಸೈನ್’ ಅನ್ನೂ ಮಕ್ಕಳ ಕಿವಿಗೆ ಹಾಕಬಹುದಾ ಎಂಬ ಪ್ರಶ್ನೆ ಫೆಡರಲ್ ಕೋರ್ಟಿನ ಮೆಟ್ಟಿಲೇರಿತ್ತು. ಹಾಕಬೇಕು ಎನ್ನುವವರ ವಾದ ಕೇಳೋಕೆ ತುಂಬಾ ಸರಳ. ‘ಎರಡೂ ಹೇಳಿಕೊಡಿ, ಮಕ್ಕಳೇ ತೀರ್ಮಾನಿಸಲಿ. ಅದರಲ್ಲಿ ತಪ್ಪೇನು?’ ನ್ಯಾಯವಾಗಿಯೇ ಕಾಣುತ್ತದೆ, ಅಲ್ವಾ? ನನಗೂ ಮೊದಲು ಹಾಗೇ ಅನಿಸಿತ್ತು.

ಮೊದಲು ಈ ‘ಎರಡು’ ಯಾವುವು ಅಂತ ನೋಡೋಣ.

ಜೀವವಿಕಾಸ ಅಂದ ಕೂಡಲೇ ನಮ್ಮಲ್ಲಿ ‘ಮಂಗನಿಂದ ಮಾನವ’ ಅನ್ನುತ್ತಾರೆ. ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: ಹಾಗಿದ್ರೆ ಈಗಿನ ಮಂಗಗಳು ಯಾಕೆ ಮನುಷ್ಯ ಆಗ್ತಿಲ್ಲ? ವಿಜ್ಞಾನ ಹಾಗೆ ಹೇಳುವುದೇ ಇಲ್ಲ. ಚಿಂಪಾಂಜಿ ನಮ್ಮ ಅಜ್ಜ ಅಲ್ಲ, ದಾಯಾದಿ. ಲಕ್ಷಾಂತರ ವರ್ಷಗಳ ಹಿಂದೆ ಒಂದೇ ಮನೆತನ ಇತ್ತು, ಪಾಲಾಯಿತು. ಒಂದು ಕವಲು ಈ ಕಡೆ ಬಂತು, ಇನ್ನೊಂದು ಆ ಕಡೆ ಹೋಯಿತು. ಪ್ರತಿ ತಲೆಮಾರಿನಲ್ಲೂ ಮರಿಗಳು ಸ್ವಲ್ಪ ಸ್ವಲ್ಪ ಬೇರೆಯಾಗಿ ಹುಟ್ಟುತ್ತವೆ. ಆ ಪರಿಸರದಲ್ಲಿ ಚೆನ್ನಾಗಿ ಬಾಳಿದವು ಜಾಸ್ತಿ ಮರಿ ಹಾಕುತ್ತವೆ. ಇದು ಕೋಟಿಗಟ್ಟಲೆ ವರ್ಷ ನಡೆದರೆ ಮೀನಿನ ವಂಶದಿಂದ ಹಲ್ಲಿ, ಹಕ್ಕಿ, ಆನೆ ಎಲ್ಲವೂ ಬರಬಹುದು. ಡಾರ್ವಿನ್ 1859ರಲ್ಲಿ ಪುಸ್ತಕ ಮಾಡಿ ಹೇಳಿದ್ದರ ಹೂರಣ ಇಷ್ಟೆ.

ಇಂಟೆಲಿಜೆಂಟ್ ಡಿಸೈನ್ ಹೇಳುವುದು ಬೇರೆ. ಜೀವಿಗಳಲ್ಲಿ ಕೆಲವು ರಚನೆಗಳು ಎಷ್ಟು ಜಟಿಲ ಅಂದರೆ, ಅವು ಹಂತ ಹಂತವಾಗಿ ಆಗಲು ಸಾಧ್ಯವೇ ಇಲ್ಲ. ಯಾರೋ ಬುದ್ಧಿವಂತರು ಕೂತು ವಿನ್ಯಾಸ ಮಾಡಿರಬೇಕು. ಯಾರು ಆ ವಿನ್ಯಾಸಕ? ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಈ ಮೌನ ಯಾಕೆ ಅನ್ನುವುದರಲ್ಲೇ ಇಡೀ ಕಥೆ ಇದೆ.

ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ, 1791ರದ್ದು, ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸುವಂತಿಲ್ಲ ಎನ್ನುತ್ತದೆ. ಸರ್ಕಾರಿ ಶಾಲೆ ಅಂದರೆ ಸರ್ಕಾರವೇ. ಹಾಗಾಗಿ ಅಲ್ಲಿ ಒಂದು ಧರ್ಮದ ನಂಬಿಕೆಯನ್ನು ಪಾಠ ಮಾಡುವಂತಿಲ್ಲ. ಖಾಸಗಿ ಶಾಲೆಗಳಿಗೆ ಈ ಕಟ್ಟುಪಾಡಿಲ್ಲ. ಆದರೆ ಇದು ಶಾಲೆಯ ಬಾಗಿಲಿಗೆ ಬರಲು ಬಹಳ ಕಾಲ ಹಿಡಿಯಿತು. 1925ರಲ್ಲಿ ಟೆನೆಸಿ ರಾಜ್ಯದ ಡೇಟನ್‌ನಲ್ಲಿ ಜೀವವಿಕಾಸ ಪಾಠ ಮಾಡಿದ ಆರೋಪದ ಮೇಲೆ ಜಾನ್ ಸ್ಕೋಪ್ಸ್ ಎಂಬ ಶಿಕ್ಷಕರಿಗೆ 100 ಡಾಲರ್ ದಂಡ ಬಿದ್ದಿತ್ತು. ಅಂಥ ನಿಷೇಧಗಳು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1968ರಲ್ಲಿ. ನಿಷೇಧ ಮಾಡೋಕಾಗಲ್ಲ ಅಂದಾಗ ಹೊಸ ದಾರಿ ಹುಟ್ಟಿತು: ಜೀವವಿಕಾಸ ಕಲಿಸಿದರೆ ‘ಸೃಷ್ಟಿ ವಿಜ್ಞಾನ’ವನ್ನೂ, ಅಂದರೆ ಜೀವಿಗಳನ್ನು ದೇವರೇ ಸೃಷ್ಟಿಸಿದ ಎಂಬ ಸೃಷ್ಟಿವಾದವನ್ನು ವಿಜ್ಞಾನದ ಹೆಸರಿನಲ್ಲಿ, ಸಮಸಮವಾಗಿ ಕಲಿಸಬೇಕು ಎಂಬ ಕಾನೂನು. ಲೂಸಿಯಾನದ ಅಂಥ ಕಾನೂನನ್ನು 1987ರಲ್ಲಿ ಸುಪ್ರೀಂ ಕೋರ್ಟ್ 7–2 ಮತಗಳಿಂದ ಹೊಡೆದುಹಾಕಿತು. ಒಂದು ಧರ್ಮದ ನಂಬಿಕೆಯನ್ನು ಮುಂದೆ ತರುವುದೇ ಆ ಕಾನೂನಿನ ಉದ್ದೇಶ ಎಂದಿತು.

1987. ಈ ಇಸವಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಈಗ ಡೋವರ್‌ಗೆ ಬರೋಣ. ನಮ್ಮಲ್ಲಿ ಪಠ್ಯದಲ್ಲಿ ಏನಿರಬೇಕು ಅನ್ನುವುದು ಬೆಂಗಳೂರಿನಲ್ಲೋ ದೆಹಲಿಯಲ್ಲೋ ತೀರ್ಮಾನವಾಗುತ್ತದೆ. ಊರಿನ ಎಸ್‌ಡಿಎಂಸಿಗೆ ಬಿಸಿಯೂಟ, ಕಾಂಪೌಂಡು, ಶೌಚಾಲಯದ ಚಿಂತೆಯೇ ಸಾಕಷ್ಟು. ಅಮೆರಿಕದಲ್ಲಿ ಹಾಗಲ್ಲ. ಊರಿನವರೇ ವೋಟು ಹಾಕಿ ಶಾಲಾ ಮಂಡಳಿ ಆರಿಸುತ್ತಾರೆ. ಯಾವ ಪುಸ್ತಕ ಕೊಳ್ಳಬೇಕು, ಯಾವ ಪಾಠಕ್ಕೆ ಏನು ಸೇರಿಸಬೇಕು ಅನ್ನುವುದರಲ್ಲಿ ಆ ಮಂಡಳಿಗೆ ದೊಡ್ಡ ಅಧಿಕಾರ ಇದೆ. ಡೋವರ್ ಮಂಡಳಿಯಲ್ಲಿ ಒಂಬತ್ತು ಜನ ಇದ್ದರು. 2004ರಲ್ಲಿ ಹೊಸ ಜೀವಶಾಸ್ತ್ರ ಪುಸ್ತಕ ಕೊಳ್ಳುವ ಮಾತು ಬಂದಾಗ, ಇದರ ತುಂಬಾ ಡಾರ್ವಿನ್ನೇ ಇದ್ದಾನೆ ಅಂತ ಸದಸ್ಯರೊಬ್ಬರು ತಕರಾರು ತೆಗೆದರು. ಎರಡು ಸಾವಿರ ವರ್ಷದ ಹಿಂದೆ ಒಬ್ಬರು ಶಿಲುಬೆಯ ಮೇಲೆ ಪ್ರಾಣ ಬಿಟ್ಟರು, ಅವರ ಪರವಾಗಿ ನಿಲ್ಲುವವರು ಯಾರೂ ಇಲ್ಲವಾ ಎಂದು ಸಭೆಯಲ್ಲೇ ಕೇಳಿದರು ಅಂತ ಸ್ಥಳೀಯ ಪತ್ರಿಕೆಗಳು ವರದಿ ಮಾಡಿದವು.

ಅಕ್ಟೋಬರ್ 18, 2004. ಮಂಡಳಿ 6–3 ಮತಗಳಿಂದ ಒಂದು ನಿರ್ಣಯ ಮಾಡಿತು. ಡಾರ್ವಿನ್ ಸಿದ್ಧಾಂತದಲ್ಲಿರುವ ‘ಕೊರತೆಗಳನ್ನು’ ಮಕ್ಕಳಿಗೆ ತಿಳಿಸಬೇಕು, ಇಂಟೆಲಿಜೆಂಟ್ ಡಿಸೈನ್ ಸೇರಿದಂತೆ ಬೇರೆ ಸಿದ್ಧಾಂತಗಳೂ ಇವೆ ಎಂದು ಹೇಳಬೇಕು. ಅದಕ್ಕಾಗಿ ಒಂಬತ್ತನೇ ತರಗತಿಯಲ್ಲಿ ಓದಲು ಒಂದು ಚಿಕ್ಕ ಹೇಳಿಕೆ ತಯಾರಾಯಿತು. ಓದಿದರೆ ಒಂದು ನಿಮಿಷ. ‘ಡಾರ್ವಿನ್ನನದು ಥಿಯರಿ, ಸತ್ಯಾಂಶ ಅಲ್ಲ. ಅದರಲ್ಲಿ ಪುರಾವೆ ಇಲ್ಲದ ಕಡೆಗಳಿವೆ. ಇಂಟೆಲಿಜೆಂಟ್ ಡಿಸೈನ್ ಬಗ್ಗೆ ತಿಳಿಯಬೇಕಿದ್ದರೆ ಲೈಬ್ರರಿಯಲ್ಲಿ “ಆಫ್ ಪಾಂಡಾಸ್ ಆ್ಯಂಡ್ ಪೀಪಲ್” ಎಂಬ ಪುಸ್ತಕ ಇದೆ. ತೆರೆದ ಮನಸ್ಸು ಇಟ್ಟುಕೊಳ್ಳಿ.’ ಇದು ಅದರ ಸಾರ.

ಜೀವಶಾಸ್ತ್ರದ ಶಿಕ್ಷಕರು ಓದೋದಿಲ್ಲ ಅಂತ ಬರೆದುಕೊಟ್ಟರು. ಇದು ವಿಜ್ಞಾನ ಅಲ್ಲ, ವಿಜ್ಞಾನ ಅಂತ ಮಕ್ಕಳಿಗೆ ಹೇಳಿದರೆ ನಮ್ಮ ವೃತ್ತಿಗೇ ದ್ರೋಹ ಎಂದರು. ಕೊನೆಗೆ 2005ರ ಜನವರಿಯಲ್ಲಿ ಆಡಳಿತದ ಅಧಿಕಾರಿಗಳೇ ತರಗತಿಗೆ ಬಂದು ಓದಿ ಹೋದರು. ಶಿಕ್ಷಕರು ಆಗ ಹೊರಗೆ ಕಾರಿಡಾರಿನಲ್ಲಿ ನಿಂತಿದ್ದರು. ಓದಿದವರು ಇನ್ನೊಂದು ಮಾತೂ ಹೇಳಿದರು: ಇದರ ಬಗ್ಗೆ ಬೇರೆ ಚರ್ಚೆ ಇಲ್ಲ, ನಿಮ್ಮ ಟೀಚರ್ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ. ತೆರೆದ ಮನಸ್ಸು ಇರಬೇಕು, ಬಾಯಿ ಮಾತ್ರ ಮುಚ್ಚಿರಬೇಕು!

ಅಷ್ಟರಲ್ಲಿ 11 ಜನ ಪೋಷಕರು ಕೋರ್ಟಿಗೆ ಹೋಗಿಯಾಗಿತ್ತು. ಮೊದಲ ಹೆಸರು ಟ್ಯಾಮಿ ಕಿಟ್ಜ್‌ಮಿಲ್ಲರ್ ಅವರದ್ದು, ಹಾಗಾಗಿ ಕೇಸಿಗೂ ಅದೇ ಹೆಸರು ಬಿತ್ತು. 2005ರ ಸೆಪ್ಟೆಂಬರ್ 26ಕ್ಕೆ ಹ್ಯಾರಿಸ್‌ಬರ್ಗ್ ನಗರದಲ್ಲಿ ವಿಚಾರಣೆ ಶುರುವಾಯಿತು. ಜ್ಯೂರಿ ಇಲ್ಲ, ನ್ಯಾಯಾಧೀಶರೊಬ್ಬರೇ. ಹೆಸರು ಜಾನ್ ಇ. ಜೋನ್ಸ್. ರಿಪಬ್ಲಿಕನ್ ಪಕ್ಷದವರು, ಚರ್ಚಿಗೆ ಹೋಗುವವರು, ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ನೇಮಿಸಿದವರು. ಮಂಡಳಿಯವರಿಗೆ ಒಳಗೊಳಗೇ ಧೈರ್ಯ ಬಂದಿದ್ದರೆ ಆಶ್ಚರ್ಯ ಇಲ್ಲ.

ಪೋಷಕರ ಕಡೆಯ ಮೊದಲ ಸಾಕ್ಷಿ ಕೆನೆತ್ ಮಿಲ್ಲರ್. ಬ್ರೌನ್ ವಿಶ್ವವಿದ್ಯಾಲಯದ ಜೀವಶಾಸ್ತ್ರಜ್ಞ. ಇವರೂ ದೇವರನ್ನು ನಂಬುವ ಕ್ಯಾಥೊಲಿಕ್. ಡೋವರ್‌ನಲ್ಲಿ ತಕರಾರಿಗೆ ಗುರಿಯಾದ ಪಠ್ಯಪುಸ್ತಕ ಬರೆದವರಲ್ಲಿ ಇವರೇ ಒಬ್ಬರು.

ಅವರು ಕೊಟ್ಟ ಒಂದು ಪುರಾವೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ವಿಜ್ಞಾನ ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮನುಷ್ಯರಲ್ಲಿ 23 ಜೊತೆ ಕ್ರೋಮೋಸೋಮ್, ಅಂದರೆ ಜೀವಕೋಶದೊಳಗೆ ವಂಶದ ಗುಣಗಳನ್ನು ಹೊತ್ತ ಎಳೆಗಳು, ಇವೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್ ಮೂರರಲ್ಲೂ 24 ಜೊತೆ. ನಾವು ದಾಯಾದಿಗಳೇ ಆಗಿದ್ದರೆ ಒಂದು ಜೊತೆ ಎಲ್ಲಿ ಹೋಯಿತು? ಇಡೀ ಜೊತೆ ಕಳೆದುಹೋಗಿದ್ದರೆ ಜೀವ ಉಳಿಯುತ್ತಿರಲಿಲ್ಲ. ಹಾಗಾದರೆ ಎರಡು ಕ್ರೋಮೋಸೋಮ್ ಸೇರಿ ಒಂದಾಗಿರಬೇಕು. ಸೇರಿದ್ದರೆ ಗುರುತು ಇರಲೇಬೇಕು.

ಎರಡು ಸೀರೆಯನ್ನು ಸೆರಗಿಗೆ ಸೆರಗು ಸೇರಿಸಿ ಹೊಲಿದಿದ್ದಾರೆ ಅಂದುಕೊಳ್ಳಿ. ಆ ಉದ್ದನೆಯ ಬಟ್ಟೆಯನ್ನು ಬಿಚ್ಚಿ ಹಾಸಿದರೆ, ತುದಿಯಲ್ಲಿ ಇರಬೇಕಾದ ಸೆರಗು ನಟ್ಟನಡುವೆ ಕಾಣಿಸುತ್ತದೆ. ಯಾರೂ ಹೇಳದಿದ್ದರೂ ಇದು ಎರಡು ಸೀರೆ ಅಂತ ಗೊತ್ತಾಗುತ್ತದೆ. ಕ್ರೋಮೋಸೋಮಿನ ತುದಿಗಳಲ್ಲೂ ಸೆರಗಿನ ಹಾಗೆ ಬೇರೆಯೇ ಒಂದು ನೇಯ್ಗೆ ಇದೆ. ಅದಕ್ಕೆ ಟೆಲೋಮಿಯರ್ ಅನ್ನುತ್ತಾರೆ. ನಮ್ಮ 2ನೇ ನಂಬರಿನ ಕ್ರೋಮೋಸೋಮಿನಲ್ಲಿ ಈ ಟೆಲೋಮಿಯರ್ ಗುರುತು ನಡುವೆ ಸಿಕ್ಕಿದೆ, ತುದಿಗೆ ತುದಿ ತಾಗಿಕೊಂಡು. ಒಂದು ಕ್ರೋಮೋಸೋಮಿಗೆ ಸೆಂಟ್ರೋಮಿಯರ್ ಎಂಬ ಸೊಂಟ ಒಂದೇ ಇರಬೇಕು. ಇದರಲ್ಲಿ ಎರಡನೆಯದರ ಅವಶೇಷವೂ ಉಳಿದಿದೆ. ಚಿಂಪಾಂಜಿಯ ಎರಡು ಬೇರೆ ಕ್ರೋಮೋಸೋಮುಗಳ ಜೊತೆ ಇದರ ಎರಡು ಭಾಗ ಸರಿಯಾಗಿ ಹೊಂದುತ್ತವೆ.

ಗುರುತು ಸಿಗದೇ ಹೋಗಿದ್ದರೆ ಜೀವವಿಕಾಸದವರು ಪೇಚಿಗೆ ಸಿಕ್ಕುತ್ತಿದ್ದರು. ಮುಖ್ಯವಾದ ಮಾತು ಅದು. ಸೋಲುವ ಅವಕಾಶ ಇಟ್ಟುಕೊಂಡೇ ವಿಜ್ಞಾನ ಆಟಕ್ಕೆ ಇಳಿಯುತ್ತದೆ. ‘ಯಾರೋ ವಿನ್ಯಾಸ ಮಾಡಿದ್ದಾರೆ’ ಅಂದರೆ 23 ಇದ್ದರೂ ಸರಿ, 24 ಇದ್ದರೂ ಸರಿ, 50 ಇದ್ದರೂ ಸರಿ. ಅವರ ಇಷ್ಟ!

ಇದಕ್ಕೇ ‘ಬರೀ ಥಿಯರಿ’ ಎಂಬ ಮಾತು ನನಗೆ ಕಿರಿಕಿರಿ. ಇಂಗ್ಲಿಷಿನವರಿಗೆ ಥಿಯರಿ ಅಂದರೆ ಆಡುಮಾತಿನಲ್ಲಿ ಊಹೆ. ನಮಗೆ ಥಿಯರಿ ಅಂದರೆ ಪ್ರಾಕ್ಟಿಕಲ್ ಅಲ್ಲದ್ದು, ಬಾಯಿಪಾಠದ ಪೇಪರು. ಕನ್ನಡದಲ್ಲಿ ಇನ್ನೂ ಒಂದು ತೊಡಕಿದೆ. ನಾವು ಇದನ್ನು ‘ವಿಕಾಸವಾದ’ ಎಂದು ಕರೆದುಬಿಟ್ಟಿದ್ದೇವೆ. ವಾದ ಅಂದಮೇಲೆ ಪ್ರತಿವಾದ ಇರಲೇಬೇಕಲ್ಲ! ದ್ವೈತ, ಅದ್ವೈತದ ಸಾಲಿನಲ್ಲಿ ಇದೂ ಒಂದು ಪಂಗಡ ಅನಿಸುತ್ತದೆ. ವಿಜ್ಞಾನದಲ್ಲಿ ಥಿಯರಿ ಅಂದರೆ ನೂರಾರು ಪುರಾವೆಗಳನ್ನು ಒಂದೇ ದಾರದಲ್ಲಿ ಪೋಣಿಸುವ ವಿವರಣೆ. ರೋಗಾಣುಗಳಿಂದ ಕಾಯಿಲೆ ಬರುತ್ತದೆ ಅನ್ನುವುದೂ ಥಿಯರಿಯೇ. ಬರೀ ಥಿಯರಿ ಅಂತ ಯಾರೂ ಆಪರೇಷನ್‌ಗೆ ಮುಂಚೆ ಕೈ ತೊಳೆಯೋದು ಬಿಡುವುದಿಲ್ಲ.

ಇನ್ನೊಂದು ಕಡೆಯ ದೊಡ್ಡ ಸಾಕ್ಷಿ ಮೈಕೆಲ್ ಬೀಹಿ, ಲೀಹೈ ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿ. ಅವರ ಪ್ರಸಿದ್ಧ ಉದಾಹರಣೆ ಇಲಿಬೋನು. ನಮ್ಮ ಪಂಜರದಂಥದ್ದಲ್ಲ, ಮರದ ಹಲಗೆಯ ಮೇಲೆ ಸ್ಪ್ರಿಂಗ್, ಪಟ್ಟನೆ ಬಡಿಯುವ ದಪ್ಪ ತಂತಿ ಇರುವಂಥದ್ದು. ಒಂದು ಭಾಗ ತೆಗೆದರೂ ಇಲಿ ಬೀಳುವುದಿಲ್ಲ. ಅರ್ಧ ಇಲಿಬೋನಿನಿಂದ ಏನು ಉಪಯೋಗ? ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದಲ್ಲೂ ಹೀಗೇ ಹತ್ತಾರು ಭಾಗಗಳಿವೆ, ಒಂದಿಲ್ಲದಿದ್ದರೂ ಅದು ತಿರುಗುವುದಿಲ್ಲ, ಹಾಗಾಗಿ ಇಡಿಯಾಗಿಯೇ ಬಂದಿರಬೇಕು ಎಂಬುದು ಅವರ ತರ್ಕ.

ತರ್ಕ ಚುರುಕಾಗಿದೆ, ಒಪ್ಪಬೇಕು. ಆದರೆ ಅರ್ಧ ಇಲಿಬೋನು ಇಲಿ ಹಿಡಿಯದಿದ್ದರೆ ಏನಂತೆ, ಬೇರೆ ಕೆಲಸಕ್ಕೆ ಬರಬಹುದಲ್ಲ? ಮಿಲ್ಲರ್ ಎರಡು ಭಾಗ ಕಿತ್ತ ಇಲಿಬೋನನ್ನು ಟೈ ಕ್ಲಿಪ್ ಮಾಡಿಕೊಂಡು ತೋರಿಸುತ್ತಿದ್ದರು. ಬ್ಯಾಕ್ಟೀರಿಯಾದ ಬಾಲದಲ್ಲಿರುವ ಸುಮಾರು ಹತ್ತು ಪ್ರೋಟೀನುಗಳನ್ನು ಹೋಲುವ ಒಂದು ರಚನೆ ಬೇರೆ ಕೆಲವು ಬ್ಯಾಕ್ಟೀರಿಯಾಗಳಲ್ಲಿದೆ. ಅದು ಈಜುವುದಕ್ಕಲ್ಲ, ಬೇರೆ ಜೀವಕೋಶಕ್ಕೆ ವಿಷ ಚುಚ್ಚುವ ಸಿರಿಂಜ್. ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯಲ್ಲೂ ಒಂದೇ ಒಂದು ಕೊಂಡಿ ತಪ್ಪಿದರೆ ಎಲ್ಲ ಮುಗೀತು ಎನ್ನುವ ವಾದ ಇತ್ತು. ಡಾಲ್ಫಿನ್‌ಗೆ ಅದರಲ್ಲಿ ಒಂದು ಕೊಂಡಿ ಇಲ್ಲವೇ ಇಲ್ಲ. ಆದರೂ ಅದರ ರಕ್ತ ಚೆನ್ನಾಗಿಯೇ ಹೆಪ್ಪುಗಟ್ಟುತ್ತದೆ.

ಪಾಟೀಸವಾಲಿನಲ್ಲಿ ಇನ್ನೂ ಎರಡು ಘಟನೆ ನಡೆದವು. ನಮ್ಮ ರೋಗನಿರೋಧಕ ವ್ಯವಸ್ಥೆ ಹೇಗೆ ವಿಕಾಸವಾಯಿತು ಅನ್ನುವುದಕ್ಕೆ ವಿಜ್ಞಾನದಲ್ಲಿ ಉತ್ತರವೇ ಇಲ್ಲ ಅಂತ ಬೀಹಿ ಬರೆದಿದ್ದರು. ಪೋಷಕರ ವಕೀಲರು ಅದೇ ವಿಷಯದ 58 ಸಂಶೋಧನಾ ಲೇಖನ, ಒಂಬತ್ತು ಪುಸ್ತಕ ಮುಂದಿಟ್ಟರು. ಇವು ಸಾಲುವುದಿಲ್ಲ ಎಂದರು ಬೀಹಿ. ಇನ್ನೊಂದು, ಥಿಯರಿ ಎಂಬುದಕ್ಕೆ ಅವರು ಕೊಟ್ಟ ಸಡಿಲ ವ್ಯಾಖ್ಯಾನ. ಅದರ ಪ್ರಕಾರ ಜ್ಯೋತಿಷವೂ ವಿಜ್ಞಾನದ ಥಿಯರಿ ಆಗುತ್ತದಲ್ಲ ಎಂದು ಕೇಳಿದಾಗ ಆಗುತ್ತದೆ ಎಂದು ಒಪ್ಪಿದರು. ಅಮೆರಿಕದಲ್ಲಿ ಅದು ಮುಖಭಂಗ. ನಮ್ಮ ಕೆಲವು ಟಿವಿ ಚಾನೆಲ್‌ಗಳಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತೇನೋ.

ಆದರೆ ಕೇಸನ್ನು ಮುರಿದದ್ದು ಬ್ಯಾಕ್ಟೀರಿಯಾ ಅಲ್ಲ, ಲೈಬ್ರರಿಯಲ್ಲಿಟ್ಟ ಆ ಪಾಂಡಾ ಪುಸ್ತಕ. ಅದರ ಹಳೆಯ ಕರಡುಪ್ರತಿಗಳನ್ನು ಪೋಷಕರ ವಕೀಲರು ಕೋರ್ಟಿನ ಮೂಲಕ ತರಿಸಿಕೊಂಡರು. ಬಾರ್ಬರಾ ಫಾರೆಸ್ಟ್ ಎಂಬ ತತ್ವಶಾಸ್ತ್ರದ ಪ್ರಾಧ್ಯಾಪಕಿ ಒಂದೊಂದನ್ನೂ ಪಕ್ಕಪಕ್ಕ ಇಟ್ಟು ಓದಿದರು. ಹಳೆಯ ಕರಡುಗಳಲ್ಲಿ ಎಲ್ಲೆಲ್ಲೂ ‘ಸೃಷ್ಟಿ’, ‘ಸೃಷ್ಟಿವಾದ’ ಎಂದೇ ಇತ್ತು. 1987ರ ತೀರ್ಪು ಬಂತು. ಆಮೇಲಿನ ಕರಡಿನಲ್ಲಿ ಸುಮಾರು 150 ಕಡೆ ಆ ಪದ ಹೋಗಿ ಇಂಟೆಲಿಜೆಂಟ್ ಡಿಸೈನ್ ಬಂದಿತ್ತು. ಸುತ್ತಲಿನ ವಾಕ್ಯಗಳು ಹಾಗೇ ಇದ್ದವು. ಮೀನುಗಳು ಈಜುರೆಕ್ಕೆ, ಹುರುಪೆ ಸಮೇತ, ಹಕ್ಕಿಗಳು ಗರಿ, ಕೊಕ್ಕು ಸಮೇತ ದಿಢೀರನೆ ಬಂದವು ಎಂಬ ವ್ಯಾಖ್ಯಾನ ಕೂಡ ಅದೇ. ಬೋರ್ಡು ಮಾತ್ರ ಬದಲು.

ಒಂದು ಕಡೆಯಂತೂ ಬದಲಾಯಿಸುವ ಗಡಿಬಿಡಿಯಲ್ಲಿ ಕೈ ತಪ್ಪಿತ್ತು. ‘ಕ್ರಿಯೇಷನಿಸ್ಟ್ಸ್’ ಪದದ ಮೇಲೆ ‘ಡಿಸೈನ್ ಪ್ರೊಪೊನೆಂಟ್ಸ್’ ಅಂಟಿಸುವಾಗ ಹಳೆಯ ಪದದ ತಲೆ, ಬಾಲ ಎರಡೂ ಉಳಿದುಬಿಟ್ಟಿದ್ದವು. ಕನ್ನಡದಲ್ಲಿ ಹೇಳೋದಾದರೆ, ‘ಸೃಷ್ಟಿವಾದಿಗಳು’ ಅನ್ನುವುದನ್ನು ‘ವಿನ್ಯಾಸ ಪ್ರತಿಪಾದಕರು’ ಮಾಡಲು ಹೋಗಿ ‘ಸೃವಿನ್ಯಾಸ ಪ್ರತಿಪಾದಕರುದಿಗಳು’ ಆದ ಹಾಗೆ. ಕಂಪ್ಯೂಟರಿನಲ್ಲಿ ಕಟ್ ಅಂಡ್ ಪೇಸ್ಟ್ ಮಾಡಿದವರಿಗೆಲ್ಲ ಇದರ ಸಂಕಟ ಗೊತ್ತು. ಎರಡು ಜೀವಿಗಳ ನಡುವಿನ ಕೊಂಡಿ ತೋರಿಸಿ ಅಂತ ಕೇಳುತ್ತಿದ್ದವರ ಪುಸ್ತಕದಲ್ಲೇ ಎರಡು ಪದಗಳ ನಡುವಿನ ಕೊಂಡಿ ಸಿಕ್ಕಿತು.

ಆ ಪುಸ್ತಕದ ಸುಮಾರು 60 ಪ್ರತಿ ಶಾಲೆಗೆ ಬಂದದ್ದು ‘ಅನಾಮಧೇಯ ದಾನ’ವಾಗಿ. ವಿಚಾರಣೆಯಲ್ಲಿ ಹೊರಬಿದ್ದದ್ದು ಬೇರೆ. ಮಂಡಳಿಯ ಸದಸ್ಯರೊಬ್ಬರು ತಮ್ಮ ಚರ್ಚಿನಲ್ಲಿ ಹಣ ಎತ್ತಿದ್ದರು. ಆ ಚೆಕ್ಕು ಇನ್ನೊಬ್ಬ ಸದಸ್ಯರ ಕೈಯಿಂದ ಅವರ ತಂದೆಗೆ ಹೋಗಿತ್ತು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ನ್ಯಾಯಾಧೀಶರೇ ಸಿಟ್ಟಿನಿಂದ ಪ್ರಶ್ನೆ ಕೇಳಿದರು. ಸೃಷ್ಟಿವಾದ ಎಂಬ ಪದವನ್ನೇ ಸಭೆಗಳಲ್ಲಿ ಬಳಸಿಲ್ಲ ಎಂದವರು ಅದನ್ನೇ ಟಿವಿ ಕ್ಯಾಮೆರಾ ಮುಂದೆ ಹೇಳಿದ್ದ ವಿಡಿಯೋ ಕೋರ್ಟಿನಲ್ಲಿ ಓಡಿತು.

ತೀರ್ಪು ಬಂದದ್ದು 2005ರ ಡಿಸೆಂಬರ್ 20ರಂದು, 139 ಪುಟ. ಇಂಟೆಲಿಜೆಂಟ್ ಡಿಸೈನ್ ವಿಜ್ಞಾನ ಅಲ್ಲ, ಸೃಷ್ಟಿವಾದದ ಬೇರಿನಿಂದ ಅದನ್ನು ಬೇರ್ಪಡಿಸಲು ಆಗುವುದಿಲ್ಲ, ಸರ್ಕಾರಿ ಶಾಲೆಯ ವಿಜ್ಞಾನ ತರಗತಿಯಲ್ಲಿ ಅದನ್ನು ತರುವುದು ಸಂವಿಧಾನಕ್ಕೆ ವಿರುದ್ಧ. ದೇವರು ಇದ್ದಾನೋ ಇಲ್ಲವೋ ಅನ್ನುವುದಕ್ಕೆ ಕೋರ್ಟು ಕೈ ಹಾಕಲಿಲ್ಲ. ಈ ವಿಚಾರವನ್ನು ಅಧ್ಯಯನ ಮಾಡಬಾರದು, ಚರ್ಚಿಸಬಾರದು ಅಂತಲೂ ಹೇಳಲಿಲ್ಲ. ತೀರ್ಪು ಬರೆದ ನ್ಯಾಯಾಧೀಶರಿಗೆ ಕೊಲೆ ಬೆದರಿಕೆ ಬಂದು ಪೊಲೀಸ್ ಕಾವಲು ಹಾಕಬೇಕಾಯಿತು.

ಊರಿನವರು ಅಷ್ಟರೊಳಗೆ ತಮ್ಮ ತೀರ್ಪು ಕೊಟ್ಟಾಗಿತ್ತು. ವಿಚಾರಣೆ ಮುಗಿದು ನಾಲ್ಕೇ ದಿನಕ್ಕೆ, ನವೆಂಬರ್ 8ರಂದು, ಮಂಡಳಿಯ ಚುನಾವಣೆ ಇತ್ತು. ಆ ನಿರ್ಣಯದ ಪರವಾಗಿ ಕಣಕ್ಕಿಳಿದಿದ್ದ ಎಂಟು ಅಭ್ಯರ್ಥಿಗಳೂ ಸೋತರು. ಹೊಸ ಮಂಡಳಿ ಮೇಲ್ಮನವಿ ಹಾಕಲಿಲ್ಲ. ಆದರೆ ಬಿಲ್ಲು ಇವರ ತಲೆಗೆ ಬಂತು: ವಕೀಲರ ಶುಲ್ಕ, ಪರಿಹಾರ ಸೇರಿ 10,00,011 ಡಾಲರ್. ಕೊನೆಯ ಆ 11 ಡಾಲರ್ 11 ಪೋಷಕರಿಗೆ ತಲಾ ಒಂದರಂತೆ.

ಈಗ ‘ಎರಡೂ ಕಲಿಸಿದ್ರೆ ತಪ್ಪೇನು’ ಎಂಬುದಕ್ಕೆ ಬರೋಣ. ಹೊಸ ವಿಚಾರ ಮೊದಲು ಸಂಶೋಧನೆಯಾಗಬೇಕು. ವಿಜ್ಞಾನ ಪತ್ರಿಕೆಯಲ್ಲಿ ಬರಬೇಕು. ಬೇರೆಯವರು ಅದನ್ನು ಜಾಡಿಸಿ ನೋಡಬೇಕು. ಅಷ್ಟಾದ ಮೇಲೂ ನಿಂತರೆ ಪಠ್ಯಕ್ಕೆ ಬರುತ್ತದೆ. ಶಾಲೆ ಆ ಸಾಲಿನ ಕಟ್ಟಕಡೆಯ ನಿಲ್ದಾಣ. ಡಿಸೈನಿನವರು ಅಲ್ಲಿಂದಲೇ ಬಸ್ಸು ಹತ್ತಲು ಬಂದಿದ್ದರು. ಪಿಯುಸಿ ಬರೆಯದೆ ಡಿಗ್ರಿ ಸರ್ಟಿಫಿಕೇಟು ಕೇಳಿದ ಹಾಗೆ. ಇಂಟೆಲಿಜೆಂಟ್ ಡಿಸೈನ್‌ನ ಮುಖ್ಯ ಸಂಸ್ಥೆ, ಸಿಯಾಟಲ್‌ನ ಡಿಸ್ಕವರಿ ಇನ್‌ಸ್ಟಿಟ್ಯೂಟ್ ಕೂಡ ಡೋವರ್ ಮಂಡಳಿಯ ನಡೆಯನ್ನು ಬೆಂಬಲಿಸಲಿಲ್ಲ. ಮಂಡಳಿಯ ಪರ ಸಾಕ್ಷಿ ಹೇಳಬೇಕಿದ್ದ ಅವರ ಕೆಲವು ಪಂಡಿತರು ಮೊದಲೇ ಹಿಂದೆ ಸರಿದರು.

ಹಾಗಂತ ಕಥೆ ಮುಗಿದಿಲ್ಲ. ಈ ತೀರ್ಪು ಪೆನ್ಸಿಲ್ವೇನಿಯಾದ ಒಂದು ಭಾಗಕ್ಕೆ ಮಾತ್ರ ಅನ್ವಯ. ಈಗಿನ ಕಾನೂನುಗಳು ಡಿಸೈನ್ ಎಂಬ ಪದವನ್ನೇ ಎತ್ತುವುದಿಲ್ಲ. ಲೂಸಿಯಾನ 2008ರಲ್ಲಿ, ಟೆನೆಸಿ 2012ರಲ್ಲಿ ಮಾಡಿದ ಕಾನೂನುಗಳಲ್ಲಿ ‘ವಿಮರ್ಶಾತ್ಮಕ ಚಿಂತನೆ’ಯ ಮಾತಿದೆ. ಡೋವರ್ ತೀರ್ಪಿಗೆ ಆಧಾರವಾದ ಹಳೆಯ ಕಾನೂನು ಅಳತೆಗೋಲನ್ನು ಸುಪ್ರೀಂ ಕೋರ್ಟ್ 2022ರಲ್ಲಿ, ಒಬ್ಬ ಫುಟ್‌ಬಾಲ್ ಕೋಚ್‌ನ ಪ್ರಾರ್ಥನೆಯ ಕೇಸಿನಲ್ಲಿ, ಕೈಬಿಟ್ಟಿದೆ. ಇಂಥದ್ದೇ ಕೇಸು ಇನ್ನೊಮ್ಮೆ ಬಂದರೆ ಬೇರೆ ಅಳತೆಗೋಲು ಹಿಡಿಯಬೇಕಾಗುತ್ತದೆ.

ನಮ್ಮಲ್ಲಿ ಈ ಜಗಳ ಬೇರೆ ತರಹ. ಇಲ್ಲಿ ಧರ್ಮ ಡಾರ್ವಿನ್‌ನನ್ನು ಹೊರಗಿಡುವುದಕ್ಕಿಂತ ಜಾಸ್ತಿ, ಮನೆಯವನೇ ಅಂತ ಕೂರಿಸಿಕೊಳ್ಳುತ್ತದೆ. ಮತ್ಸ್ಯ, ಕೂರ್ಮ, ವರಾಹ, ನೋಡಿ ನಮ್ಮ ದಶಾವತಾರದಲ್ಲಿ ಮೊದಲೇ ಇತ್ತು ಅನ್ನುವವರು ಪ್ರತಿ ಮದುವೆ ಊಟದ ಪಂಕ್ತಿಯಲ್ಲೂ ಸಿಗುತ್ತಾರೆ. 2018ರಲ್ಲಿ ಮಾತ್ರ ಕೇಂದ್ರದ ರಾಜ್ಯ ಸಚಿವ ಸತ್ಯಪಾಲ್ ಸಿಂಗ್, ಕಪಿ ಮನುಷ್ಯನಾದದ್ದನ್ನು ನಮ್ಮ ಪೂರ್ವಿಕರು ಯಾರೂ ನೋಡಿಲ್ಲ, ಡಾರ್ವಿನ್ ಹೇಳಿದ್ದು ತಪ್ಪು, ಪಠ್ಯ ಬದಲಾಗಬೇಕು ಎಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಿಗೆ ಅದನ್ನು ಅಲ್ಲಗಳೆದವು.

2023ರಲ್ಲಿ ನಡೆದದ್ದಕ್ಕೆ ಅಷ್ಟು ಮಾತೂ ಬೇಕಾಗಲಿಲ್ಲ. ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನದಲ್ಲಿ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಅಧ್ಯಾಯ ಇತ್ತು. ಕೊರೊನಾ ಕಾಲದಲ್ಲಿ ಮಕ್ಕಳ ಹೊರೆ ಇಳಿಸುವ ಲೆಕ್ಕದಲ್ಲಿ ಬಿಟ್ಟಿದ್ದ ಭಾಗವನ್ನು ಪುಸ್ತಕದಿಂದಲೇ ತೆಗೆದರು. ಶೀರ್ಷಿಕೆಯಲ್ಲಿ ‘ಅನುವಂಶೀಯತೆ’ ಒಂದೇ ಉಳಿಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ವಾಪಸ್ ಸೇರಿಸಿ ಎಂದು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಇದೆಯಲ್ಲ ಎಂಬ ಸಮಾಧಾನ ಸಿಕ್ಕಿತು. ಇದೆ, ನಿಜ. ಆದರೆ ಹತ್ತರ ನಂತರ ಕಾಮರ್ಸೋ ಆರ್ಟ್ಸೋ ಐಟಿಐಯೋ ಸೇರುವ ಮಗು ಆ ಪುಸ್ತಕ ತೆರೆಯುವುದೇ ಇಲ್ಲ. ‘ಈಗಿನ ಮಂಗಗಳು ಯಾಕೆ ಮನುಷ್ಯ ಆಗ್ತಿಲ್ಲ ಮಿಸ್?’ ಅಂತ ಕೇಳುವ ವಯಸ್ಸು ಹತ್ತನೇ ಕ್ಲಾಸಿನದ್ದು.